ಕಂಡದ್ದನ್ನು ಕಟಕಟೆಯಲ್ಲಿ ಹೇಳಿ

ದಢೇಸುಗೂರಿನಲ್ಲಿ ಹೊಳೆ ದಾಟಿದರೆ ಸಿರುಗುಪ್ಪ ಸೀಮೆ. ಈಚೆ ದಂಡೆಯಲ್ಲಿ ಕೊಲೆ ನಡೆದು, ಆರೋಪಿ "ಆ ಹೊತ್ತಿಗೆ ನಾ ಸಿರುಗುಪ್ಪದಾಗಿದ್ದೆ" ಎಂದನೆನ್ನಿ. ಕೋರ್ಟು ನಂಬಬೇಕೆ? ಬೈಕು ಹತ್ತಿದರೆ ಹೋಗಿ ಬರುವ ದಾರಿ ಅದು. ಘಟನೆಯ ವೇಳೆ ಆತ ಆ ಸ್ಥಳದಲ್ಲಿರಲು ಸಾಧ್ಯವೇ ಇರಲಿಲ್ಲ ಎನ್ನುವಷ್ಟು ಖಚಿತವಾಗಿ ಅಲಿಬಿ, ಅಂದರೆ ಬೇರೆ ಕಡೆ ಇದ್ದೆನೆಂಬ ವಾದ, ರುಜುವಾಗಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ, ಬಿಹಾರದ ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅದನ್ನು ರುಜುವಾತು ಮಾಡುವ ಹೊಣೆ ಹಾಗೆನ್ನುವವನದೇ. ಆದರೆ ಅದಕ್ಕೂ ಮೊದಲು ಆತ ಅಲ್ಲಿದ್ದ, ಕೈ ಎತ್ತಿದ ಎಂದು ಸರ್ಕಾರದ ಕಡೆಯವರು ತೋರಿಸಬೇಕು. ಯಾರ ಬಾಯಿಂದ? ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹಳ್ಳಿಗರೇ, ನಿಮ್ಮ ಬಾಯಿಂದ.

ಸಮನ್ಸ್ ಬಂದ ರಾತ್ರಿ ಬಾಗಿಲಿಗೆ ಯಾರು ಬರುತ್ತಾರೆಂದು ನಿಮಗೆ ಗೊತ್ತಿದೆ. ದೂರದ ಬೀಗ, ಸಾಲ ಕೊಟ್ಟ ಸಾಹುಕಾರ, ಕಟ್ಟೆಯ ಹಿರಿಯ. ಚಹಾ ಕುಡಿದು, ಬಾಯಿ ಒರೆಸಿಕೊಂಡು ಮಾತು ತೆಗೆಯುತ್ತಾರೆ: "ಹೋದವ್ರು ಹೋದ್ರು ಕಾಕಾ, ಇರೋರು ಒಂದೇ ಊರಾಗ ಬಾಳ್ಬೇಕಲ್ಲ. ನನಗೇನೂ ಕಾಣ್ಲಿಲ್ರಿ ಅಂದ್ಬಿಡು." ಇನ್ನೊಂದು ಮನೆಯಲ್ಲಿ ಬೇರೆ ಬೇಡಿಕೆ: "ಆ ದಿನ ನಮ್ಮ ಹುಡುಗ ನಿನ್ನ ಗದ್ದ್ಯಾಗ ನೀರು ಕಟ್ಟಾಕತ್ತಿದ್ದ ಅಂತ ಹೇಳಪ್ಪ, ಅಷ್ಟ ಸಾಕು." ಒಬ್ಬನಿಂದ ಮೌನ, ಮತ್ತೊಬ್ಬನಿಂದ ಸುಳ್ಳು. ಇದಕ್ಕೆ ನಾವು ರಾಜಿ ಎಂದು ಹೆಸರಿಟ್ಟುಕೊಂಡಿದ್ದೇವೆ, ನಾಚಿಕೆಯಿಲ್ಲದೆ.

ಇದರ ಬೆಲೆ ಏನೆಂದು ಕಂಬಾಲಪಲ್ಲಿ ಹೇಳುತ್ತದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದವು, ಕೊಂದವರು ಮಾತ್ರ ಯಾರೂ ಇಲ್ಲ!

ಅದೇ 2014ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಸಜೆ ವಿಧಿಸಿತು. ಶಿಕ್ಷೆಗೊಳಗಾದವರು ಮೇಲ್ಮನವಿ ಹಾಕಿದರು, ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಮೇಲ್ಮನವಿ ಅವರ ಹಕ್ಕು. ಆದರೆ ಯಾರೋ ಕೆಲವರು ಕಟಕಟೆ ಹತ್ತಿ ಗಟ್ಟಿಯಾಗಿ ನಿಲ್ಲದೆ ಅಷ್ಟು ಜನರ ಮೇಲೆ ಆರೋಪ ರುಜುವಾಗುವುದಿಲ್ಲ. ನಮ್ಮ ಸಿಂಧನೂರಿನದೇ ನೋಡಿ. ಪ್ರೇಮವಿವಾಹದ ಸಿಟ್ಟಿಗೆ 2020ರ ಜುಲೈನಲ್ಲಿ ಸುಕಾಲಪೇಟೆಯ ಒಂದೇ ಮನೆಯವರನ್ನು ಕೊಂದ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಮೂವರಿಗೆ ಗಲ್ಲು, ಒಂಬತ್ತು ಮಂದಿಗೆ ಜೀವಾವಧಿ ಎಂದು ಇಲ್ಲಿನ ಕೋರ್ಟೇ ತೀರ್ಪು ಕೊಟ್ಟಿತು. (ಗಲ್ಲು ಬೇಕೇ ಎಂಬ ಜಗಳ ನನಗೂ ಇದೆ, ಅದು ಇನ್ನೊಂದು ದಿನಕ್ಕಿರಲಿ.)

"ವಕೀಲರು ಪಾಟೀಸವಾಲಿನಾಗ ತಬ್ಬಿಬ್ಬು ಮಾಡ್ತಾರ್ರೀ" ಎನ್ನುತ್ತೀರಿ. ಮಾಡುತ್ತಾರೆ. ಅಂಗಿ ಯಾವ ಬಣ್ಣ, ದೀಪ ಎಷ್ಟು ದೂರ, ಮೊದಲು ಬಿದ್ದದ್ದು ಕೊಡಲಿ ಏಟೋ ಬಡಿಗೆ ಏಟೋ ಎಂದು ಕೆದಕುತ್ತಾರೆ. ನೆನಪಿಲ್ಲದ್ದನ್ನು ನೆನಪಿಲ್ಲ ಎನ್ನಿ. ಸಾಕ್ಷಿಯ ತಲೆ ಫೋಟೊ ತೆಗೆಯುವ ಯಂತ್ರವಲ್ಲ, ಸಣ್ಣಪುಟ್ಟ ವ್ಯತ್ಯಾಸಕ್ಕೆ ಇಡೀ ಹೇಳಿಕೆ ಬಿದ್ದುಹೋಗದು ಎಂಬುದನ್ನು ಸುಪ್ರೀಂ ಕೋರ್ಟ್ 1983ರಷ್ಟು ಹಿಂದೆಯೇ ಒಪ್ಪಿದೆ. ಸತ್ತವನ ಅಣ್ಣನೋ ಹೆಂಡತಿಯೋ ಆದ ಮಾತ್ರಕ್ಕೆ ನಿಮ್ಮ ಮಾತು ಹಗುರಾಗುವುದಿಲ್ಲ. ನಿಜವಾದ ಕೊಲೆಗಾರನನ್ನು ಬಿಟ್ಟು ಅಮಾಯಕನನ್ನು ಹಿಡಿಸಲು ರಕ್ತಸಂಬಂಧಿ ಸುಲಭಕ್ಕೆ ಮನಸ್ಸು ಮಾಡುವುದಿಲ್ಲ ಎಂದು 1953ರ ದಲೀಪ್ ಸಿಂಗ್ ತೀರ್ಪಿದೆ. ಇಷ್ಟೇ ಸಾಕ್ಷಿಗಳಿರಬೇಕು ಎಂಬ ಲೆಕ್ಕವೂ ಕಾನೂನಿನಲ್ಲಿಲ್ಲ. ಕೋರ್ಟು ತೂರಿ ಜೊಳ್ಳು ಬೇರೆ ಮಾಡಬಲ್ಲದು, ಆದರೆ ಕಣಕ್ಕೆ ಕಾಳೇ ಬಾರದಿದ್ದರೆ ಏನನ್ನು ತೂರಬೇಕು?

ಇನ್ನೊಂದು ಮಾತು, ಫಿರ್ಯಾದಿ ಕಡೆಯವರಿಗೆ ರುಚಿಸಲಿಕ್ಕಿಲ್ಲ. ಜಗಳವಾದಾಗ ಹಳೇ ಹಗೆಗೆ ಎದುರು ಮನೆಯ ಗಂಡಸರನ್ನೆಲ್ಲ ಕಂಪ್ಲೇಂಟಿನಲ್ಲಿ ಸೇರಿಸುವ ಚಾಳಿ ನಮ್ಮೂರುಗಳಲ್ಲಿದೆ. ಹಾಗೆ ಸಿಕ್ಕಿಕೊಂಡವನು ಆ ದಿನ ನಿಜವಾಗಿಯೂ ನಿಮ್ಮ ಜೊತೆ ಭತ್ತದ ಲಾರಿಯಲ್ಲಿದ್ದನೇ? ಹಾಗಿದ್ದರೆ ಅವನ ಪರವಾಗಿ ಹೋಗಿ ಹೇಳಿ, ಅವನ ಜಾತಿ ನಿಮ್ಮದಾಗಿರಲಿ ಬಿಡಲಿ. ಆರೋಪಿಯ ಕಡೆಯ ಸಾಕ್ಷಿಯನ್ನೂ ಸರ್ಕಾರಿ ಸಾಕ್ಷಿಯಷ್ಟೇ ಗೌರವದಿಂದ ಕೇಳಬೇಕೆಂದು 1981ರ ದೂಧ್ ನಾಥ್ ಪಾಂಡೆ ತೀರ್ಪು ಹೇಳುತ್ತದೆ. ಮುಲಾಜಿಗೆ ಹುಟ್ಟಿದ ಅಲಿಬಿಗಳು ಹೆಚ್ಚಿದಷ್ಟೂ ಇಂಥ ನಿಜವಾದ ಅಲಿಬಿಯನ್ನು ನಂಬುವವರು ಕಡಿಮೆಯಾಗುತ್ತಾರೆ. ಸುಳ್ಳಾಡಿದವನು ಒಬ್ಬ, ಜೈಲಿಗೆ ಹೋಗುವವನು ಬೇರೊಬ್ಬ.

ಭಯ ಸುಳ್ಳಲ್ಲ. ದಿನದ ಕೂಲಿ ಹೋಗುತ್ತದೆ, ವಾಯಿದೆ ಮುಂದಕ್ಕೆ ಬೀಳುತ್ತದೆ, ಕೋರ್ಟಿನ ಅಂಗಳದ ಒಂದೇ ಬೆಂಚಿನ ಮೇಲೆ ಆರೋಪಿಯ ಪಕ್ಕ ಕೂರಬೇಕಾಗುತ್ತದೆ. ಅದಕ್ಕೇ 2018ರಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೆದರಿಕೆ ಬಂದರೆ ಸರ್ಕಾರಿ ವಕೀಲರನ್ನು ಕಂಡು ಅರ್ಜಿ ಕೊಡಿ. ಅದನ್ನು ನೋಡುವುದು ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ. ಕಟ್ಟೆಯ ಹಿರಿಯರೇ, ಕೊಲೆ, ದೌರ್ಜನ್ಯದ ಕೇಸುಗಳಲ್ಲಿ ರಾಜಿಗೆ ಕೂರುವುದನ್ನು ಇವತ್ತೇ ಬಿಡಿ. ಉಳಿದವರೇ, ಸಮನ್ಸ್ ಬಂದವರ ಗದ್ದೆಯಲ್ಲಿ ಅಂದು ನಾಟಿ ಇದ್ದರೆ ಆಳು ಕರೆದುಕೊಂಡು ನೀವು ಹೋಗಿ ಹಚ್ಚಿ. ಕೋರ್ಟಿಗೆ ಒಬ್ಬರನ್ನೇ ಕಳಿಸಬೇಡಿ, ನಾಲ್ಕು ಜನ ಅದೇ ಬಸ್ಸು ಹತ್ತಿ.