ಕಾರಂತರ ಹಳತು, ನಮ್ಮಜ್ಜನ ಹಳತು

ತನ್ನ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ತಾನೇ ಹೆಸರಿಟ್ಟುಕೊಂಡ ಲೇಖಕನನ್ನು ವಿಲಕ್ಷಣನೆಂದು ಬೇರೆಯವರು ಕರೆಯಬೇಕಾದ ಅಗತ್ಯವೇ ಉಳಿಯುವುದಿಲ್ಲ. ಕೋಟದ ಶಿವರಾಮ ಕಾರಂತರು (1902–1997) ಆ ಕೆಲಸವನ್ನು ತಾವೇ ಮಾಡಿ ಮುಗಿಸಿದರು. ಅಸಹಕಾರ ಚಳವಳಿಯ ಕಾಲಕ್ಕೆ ಕಾಲೇಜನ್ನು ಬಿಟ್ಟು ಹೊರಬಂದವರು ಅವರು. ಪದವಿಯ ಹಂಗಿಲ್ಲದೆ ಓದಿದವರು. ನಾವಾದರೋ ಪದವಿಗಾಗಿಯೇ ಓದುವವರು, ಅದೂ ಪರೀಕ್ಷೆ ಬಾಗಿಲಿಗೆ ಬಂದಾಗ. ಅಂಥವರ ಓದಿನ ರುಚಿಯನ್ನು ಕುರಿತು ನಾನು ಬರೆಯಹೊರಟುದು ಅಧಿಕಪ್ರಸಂಗವೇ ಸರಿ. ಪ್ರಸಂಗದ ಮಾತೇ ಇಲ್ಲಿ ಮುಖ್ಯವಾದುದರಿಂದ ವಾಚಕರು ಮನ್ನಿಸಬೇಕು.

ಕಾದಂಬರಿಕಾರರು ಕಾದಂಬರಿಗಳನ್ನೇ ಓದುತ್ತಿರುತ್ತಾರೆಂದು ನಮ್ಮ ಎಣಿಕೆ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’ಗಳನ್ನು ಬರೆದವರ ಓದು ಎತ್ತೆತ್ತ ಹರಿದಿತ್ತೆಂಬುದನ್ನು ಅವರ ಉಳಿದ ಪುಸ್ತಕಗಳೇ ಹೇಳುತ್ತವೆ. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’. 1959ರಿಂದ ಮೊದಲಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ರೇಚೆಲ್ ಕಾರ್ಸನ್ ಎಂಬ ಅಮೆರಿಕದ ವಿಜ್ಞಾನಿ ಕಡಲನ್ನು ಕುರಿತು ಬರೆದ ಪುಸ್ತಕವನ್ನು ಕನ್ನಡಕ್ಕೆ ತಂದವರೂ ಅವರೇ. ಇಷ್ಟೆಲ್ಲ ಹೊಸ ವಿದ್ಯೆಯ ನಡುವೆ ಅವರು ಕರಾವಳಿಯ ಹಳ್ಳಿಗಳಲ್ಲಿ ಯಕ್ಷಗಾನ ಪ್ರಸಂಗಗಳ ಹಳೆಯ ಹಸ್ತಪ್ರತಿಗಳನ್ನು ಹುಡುಕುತ್ತ ಅಲೆದರು. ಆ ಅಲೆದಾಟದ ಫಲವೇ 1957ರ ‘ಯಕ್ಷಗಾನ ಬಯಲಾಟ’. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದುದು ಯಾವ ಕಾದಂಬರಿಗೂ ಅಲ್ಲ, ಈ ಪುಸ್ತಕಕ್ಕೆ. ಹೊಲಗದ್ದೆಯಲ್ಲಿ ರಾತ್ರಿ ಕುಣಿಯುವವರ ಕಲೆಯ ಮೇಲಣ ಪುಸ್ತಕಕ್ಕೆ!

ಇದನ್ನು ಕೇಳಿ ಕಾರಂತರು ಹಳತನ್ನು ಕಂಡೊಡನೆ ಕೈಮುಗಿಯುವವರೆಂದು ಯಾರಾದರೂ ತಿಳಿದರೆ ಮೋಸಹೋದಂತೆಯೆ. ಅವರದು ತಕರಾರಿನ ಓದು. ಕುಂಬಳೆಯ ಪಾರ್ತಿಸುಬ್ಬನೇ ರಾಮಾಯಣದ ಪ್ರಸಂಗಗಳ ಕರ್ತೃವೆಂದು ಜನ ನಂಬಿ ಕುಳಿತಿದ್ದಾಗ, ಅದು ಹಾಗಲ್ಲವೆಂದು ಆಕ್ಷೇಪವೆತ್ತಿ ವಿದ್ವಾಂಸರ ನಿದ್ದೆಗೆಡಿಸಿದರು. ವೇಷಭೂಷಣದಲ್ಲಿ ಹಳೆಯ ಕ್ರಮವೇ ಚೆಂದವೆಂದರು, ನಾಟಕದ ಕಂಪೆನಿಗಳಿಂದ ನುಸುಳಿದ ಮಿರುಗು ಬಟ್ಟೆಯನ್ನು ಒಪ್ಪಲಿಲ್ಲ. ಇಷ್ಟರಮಟ್ಟಿಗೆ ಸಂಪ್ರದಾಯಸ್ಥರು. ಆದರೆ ಅದೇ ಕೈಯಿಂದ ತಮ್ಮ ನೃತ್ಯರೂಪಕಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಭಾಗವತರ ಪಕ್ಕದಲ್ಲಿ ಕೂರಿಸಿದರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ತಾಸಿಗೆ ಇಳಿಸಿದರು. ಎಲ್ಲಕ್ಕೂ ಮಿಗಿಲಾಗಿ, ಪಾತ್ರಧಾರಿಗಳ ಮಾತನ್ನೇ ಕೈಬಿಟ್ಟರು. ಹಾಡು ಮತ್ತು ಕುಣಿತವೇ ಯಕ್ಷಗಾನದ ಜೀವ, ಮಾತು ಮೇಲೆ ಬೆಳೆದ ಬಂದಳಿಕೆಯೆಂಬುದು ಅವರ ಅಭಿಪ್ರಾಯವಾಗಿತ್ತೆಂದು ತೋರುತ್ತದೆ.

ಇಲ್ಲಿಗೆ ಬಂದಾಗ ಭಟ್ಕಳದಿಂದ ಕುಮಟೆಯವರೆಗಿನ ನಾವು ಸುಮ್ಮನಿರಲಾರೆವು. ನಮ್ಮ ಕಡೆಯ ಆಟ ಮಾತಿನ ಆಟ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. 1970ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದರು. ಅವರ ಮಗ ಶಂಭು ಹೆಗಡೆಯವರು ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಕಲಿತು ಬಂದವರು. ಕುಣಿತದ ಬೆಲೆ ತಿಳಿಯದವರಲ್ಲ. ಆದರೂ ಮಾತನ್ನು ಬಿಡಲಿಲ್ಲ. ಚಿಟ್ಟಾಣಿಯವರ ಕುಣಿತಕ್ಕಾಗಿ ಹತ್ತು ಮೈಲಿ ನಡೆದುಹೋದ ಜನವೇ ತಾಳಮದ್ದಳೆಯಲ್ಲಿ ವೇಷವೂ ಕುಣಿತವೂ ಇಲ್ಲದ ಬರಿಯ ಮಾತನ್ನು ಬೆಳಗಿನವರೆಗೆ ಕೇಳಿದ್ದುಂಟು.

ನಮ್ಮಜ್ಜ ಕಲಿತದ್ದು ನಾಲ್ಕನೆಯ ಇಯತ್ತೆ. ಕುಮಾರವ್ಯಾಸನನ್ನು ಪುಸ್ತಕದಲ್ಲಿ ಓದಿದವರಲ್ಲ. ಆದರೆ ಕರ್ಣನು ಕೃಷ್ಣನಿಗೆ ಏನೆಂದ, ಕೃಷ್ಣ ಅದಕ್ಕೆ ಏನೆಂದ, ಅದು ನ್ಯಾಯವೇ ಅಲ್ಲವೇ ಎಂಬುದನ್ನು ಅಡಿಕೆ ಸುಲಿಯುತ್ತ ಜಗಲಿಯಲ್ಲಿ ವಾದಿಸುತ್ತಿದ್ದರು. ಅವರ ಗ್ರಂಥಾಲಯ ರಾತ್ರಿ ಹತ್ತಕ್ಕೆ ಚಂಡೆಯೊಡನೆ ತೆರೆದು ಬೆಳಗಿನ ಆರಕ್ಕೆ ಮುಚ್ಚುತ್ತಿತ್ತು. ಅರ್ಥಧಾರಿಯ ಮಾತು ನಿಂತರೆ ಅಂಥವರ ಓದೇ ನಿಂತಂತೆ. ಕಾರಂತರಿಗೆ ಓದಲು ಹಸ್ತಪ್ರತಿಗಳಿದ್ದವು. ಅಜ್ಜನಿಗೆ ಇದ್ದುದು ಇದೊಂದೆ.

1989ರ ಕತೆಯನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳಿ ನಗುತ್ತಾರೆ. ಕಾಳೀ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಹೋರಾಡುತ್ತಿದ್ದ ಕಾರಂತರು, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ನಮ್ಮ ಕೆನರಾ ಲೋಕಸಭಾ ಕ್ಷೇತ್ರದಿಂದಲೇ ಪಕ್ಷೇತರರಾಗಿ ನಿಂತರು. ಸೋತರು. ಕಾಲಕ್ಕೆ ತಕ್ಕಂತೆ ನಡೆಯದ ಹಳೆಯ ಕಾಲದ ಮನುಷ್ಯ ಎಂದವರುಂಟು. ‘ವಿಜ್ಞಾನ ಪ್ರಪಂಚ’ ಬರೆದವರಿಗೆ ಈ ಮಾತು! ನಮ್ಮಜ್ಜನೂ ಅವರಿಗೆ ಮತ ಹಾಕಲಿಲ್ಲ. ಕಾರಣ ಕೈಗಾ ಅಲ್ಲ. “ಆಟದ ಬಾಯಿ ಕಟ್ಟಿದವ್ರಿಗೆ ವೋಟು ಎಂತಕ್ಕೆ?” ಎಂದರಂತೆ. ಕಾಡಿನ ವಿಷಯದಲ್ಲಿ ಅಜ್ಜ ತಪ್ಪಿದರು, ಆಟದ ವಿಷಯದಲ್ಲಿ ಕಾರಂತರು ತಪ್ಪಿದರು ಎಂದೇ ನನ್ನ ತೀರ್ಮಾನ.

ಹಾಗೆಂದು ಕಾರಂತರ ಸಿಟ್ಟು ನಿಷ್ಕಾರಣವೆನ್ನಲಾರೆ. ಮೂರು ಗಂಟೆಯ ಜಾವದಲ್ಲಿ ಪದ್ಯದ ಎಳೆಯನ್ನೇ ಬಿಟ್ಟು, ಎದುರಾಳಿಯನ್ನು ಕೆಣಕಲೆಂದೇ ಮುಕ್ಕಾಲು ತಾಸು ಎಳೆಯುವ ಕೌರವನನ್ನು ನಾನೂ ಕೇಳಿದ್ದೇನೆ. ಆದರೆ ಮಾತು ಕೆಟ್ಟರೆ ತಿದ್ದಬೇಕಲ್ಲದೆ ನಾಲಗೆಯನ್ನೇ ತೆಗೆಯುವುದುಂಟೆ?

ಈ ಪ್ರಶ್ನೆಗೆ ಕಾರಂತರ ಕಾದಂಬರಿಯೇ ಅವರಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆಂದು ನನಗನಿಸುತ್ತದೆ. 1968ರ ‘ಮೂಕಜ್ಜಿಯ ಕನಸುಗಳು’. ಅವರಿಗೆ 1977ರ ಜ್ಞಾನಪೀಠವನ್ನು ತಂದ ಕೃತಿ. ಅದರಲ್ಲಿ ಬಾಲವಿಧವೆಯಾದ ಮುದುಕಿಯೊಬ್ಬಳು ಹಳೆಯದೊಂದು ವಸ್ತುವನ್ನು ಕೈಯಲ್ಲಿ ಹಿಡಿದೊಡನೆ ಅದರ ಹಿಂದಿನ ಕಾಲವನ್ನು ಕಾಣುತ್ತಾಳೆ. ಕಂಡದ್ದನ್ನು ಪೂಜಿಸುವುದಿಲ್ಲ; ದೇವರಾಗಲಿ ಧರ್ಮವಾಗಲಿ ಅಂಜದೆ ಪ್ರಶ್ನಿಸುತ್ತಾಳೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅವಳು ಹೇಳುತ್ತಾಳೆ. ಹೆಸರಿಗೆ ಮೂಕಜ್ಜಿ, ಕಾದಂಬರಿಯೆಲ್ಲ ಅವಳ ಮಾತೇ. ಅವಳ ಮಾತನ್ನು ತೆಗೆದರೆ ಉಳಿಯುವುದೇನು? ರಂಗಸ್ಥಳದಲ್ಲಿ ಮಾತನ್ನು ಒಲ್ಲದವರು ಪುಟದ ಮೇಲೆ ಒಬ್ಬ ಮುದುಕಿಗೆ ಅಷ್ಟೊಂದು ಮಾತನ್ನು ಕೊಟ್ಟರಲ್ಲ!

ನಮ್ಮ ಪಾಡೇನು? ಆಟಕ್ಕೆ ಹೋಗುತ್ತೇವೆ, ಹತ್ತು ನಿಮಿಷದ ಕುಣಿತವನ್ನು ಮೊಬೈಲಿನಲ್ಲಿ ಹಿಡಿದು ಮರಳುತ್ತೇವೆ. ಮಾತನ್ನು ಕತ್ತರಿಸುವುದರಲ್ಲಿ ನಾವು ಕಾರಂತರನ್ನು ಮೀರಿಸಿದ್ದೇವೆ, ಅವರ ಓದಿನ ಒಂದಾಣೆಯೂ ಇಲ್ಲದೆ. ಪ್ರಸಂಗದ ಪುಸ್ತಕವನ್ನು ತೆರೆದು ನೋಡಿದವರು ನಮ್ಮ ತರಗತಿಯಲ್ಲಿ ಎಷ್ಟು ಮಂದಿಯೆಂದು ಕೇಳಿದೆ. ಮೂವರು ಕೈಯೆತ್ತಿದರು, ಒಬ್ಬ ಆಮೇಲೆ ಇಳಿಸಿದ.

ನಮ್ಮ ಮೂರು ತಾಲೂಕಿನ ಮನೆಗಳ ಮೆತ್ತಿನ ಮೇಲೆ ಇಂಥ ಪುಸ್ತಕಗಳ ಗಂಟುಗಳು ಇನ್ನೂ ಇವೆ. ಮಳೆಗಾಲಕ್ಕೊಮ್ಮೆ ಗೆದ್ದಲಿಗೋ, ಬೇಸಿಗೆಗೊಮ್ಮೆ ಗುಜರಿಯವನಿಗೋ ಹೋಗುತ್ತವೆ. ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ತೆರವು ಮಾಡಿಕೊಟ್ಟರೆ, ರಜೆಯಲ್ಲಿ ನಾವೇ ಮನೆಮನೆಗೆ ಹೋಗಿ ತಂದು, ಪಟ್ಟಿ ಮಾಡಿ ಇಡಬಹುದು. ಪ್ರಾಚಾರ್ಯರೂ ಗ್ರಂಥಪಾಲಕರೂ ಈ ಅರಿಕೆಯನ್ನು ಲಾಲಿಸಬೇಕು. ಮೊದಲ ಗಂಟು ನನ್ನದೇ ಇರಲಿ.

ಕಳೆದ ದೀಪಾವಳಿಗೆ ಅದನ್ನು ಮೆತ್ತಿನಿಂದ ಇಳಿಸಿದೆ. ಉಡುಪಿಯ ಪಾವಂಜೆ ಗುರುರಾಯರ ಪ್ರಕಟಣೆಗಳು. ರಟ್ಟು ಹೋಗಿದೆ, ಹುಳ ತಿಂದಿದೆ. ಅಜ್ಜ ಆಗೀಗ ಊರ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರೆಂದು ಗೊತ್ತಿತ್ತು. ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡದ್ದು ಗೊತ್ತಿರಲಿಲ್ಲ. ಕೆಲವು ಪದ್ಯಗಳ ಬದಿಗೆ ‘ಇಲ್ಲಿ ಅರ್ಥ ಬೆಳೆಸುವುದು’ ಎಂದಿದೆ. ಇನ್ನು ಕೆಲವದರ ಬದಿಗೆ, ಅದೇ ದುಂಡು ಅಕ್ಷರದಲ್ಲಿ, ‘ಇಲ್ಲಿ ಸಾಕು’. ಎಣಿಸಿ ನೋಡಿದೆ: ‘ಬೆಳೆಸುವುದು’ ಏಳು, ‘ಸಾಕು’ ಹತ್ತೊಂಬತ್ತು.