ಮಸಿ ಬಳಿದ ಪ್ರತಿಗೆ ಪ್ರಮಾಣವೇನು?

2005ನೆಯ ಇಸವಿಯ ಮಾಹಿತಿ ಹಕ್ಕಿನ ಕಾಯಿದೆಯ 10ನೆಯ ಕಲಮಿನ ಮೇರೆಗೆ, ಗೋಪ್ಯವಾಗಿಡತಕ್ಕ ಭಾಗವನ್ನು ಬೇರ್ಪಡಿಸಿ ಉಳಿದ ದಸ್ತಾವೇಜನ್ನು ಅರ್ಜಿದಾರರಿಗೆ ಕೊಡಬಹುದಾಗಿದೆ. ಇದು ನ್ಯಾಯವೇ ಸರಿ. ಆದರೆ ಮಸಿ ಬಳಿದ ಪ್ರತಿಯಲ್ಲಿ ಉಳಿದಿರುವ ಸಾಲುಗಳು ಮೂಲದಲ್ಲಿದ್ದಂತೆಯೇ ಇವೆಯೆಂಬುದಕ್ಕೆ ಪ್ರಮಾಣವೇನು? ಕೊಟ್ಟವರ ಮಾತೇ ಪ್ರಮಾಣವೆನ್ನುವುದು ಪ್ರಜಾಪ್ರಭುತ್ವಕ್ಕೆ ಒಪ್ಪತಕ್ಕ ಉತ್ತರವಲ್ಲ.

2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯು ಡಿಜಿಟಲ್ ಸಹಿಗೆ ಮಾನ್ಯತೆಯನ್ನಿತ್ತಿದೆ. ಆದರೆ ಇಡೀ ಕಡತಕ್ಕೆ ಒಂದೇ ಸಹಿಯಿದ್ದರೆ, ಒಂದಕ್ಷರವನ್ನು ಅಳಿಸಿದರೂ ಅದು ತಾಳೆಯಾಗದು. ಇದಕ್ಕೆ ಪರಿಹಾರವುಂಟು; 2002ರ ಹೊತ್ತಿಗೇ ವಿದ್ವಾಂಸರು ಅದನ್ನು ಪ್ರಕಟಿಸಿದ್ದಾರೆ. ಪ್ರತಿಯೊಂದು ಕಂಡಿಕೆಗೂ ಊಹೆಗೆ ನಿಲುಕದ ಸಂಖ್ಯೆಯೊಂದನ್ನು ಸೇರಿಸಿ, ಬೆರಳಚ್ಚಿನಂತಿರುವ ಹ್ಯಾಷ್ ಅಂಕವನ್ನು ತೆಗೆದು, ಆ ಅಂಕಗಳ ಪಟ್ಟಿಗೆ ಸಹಿ ಮಾಡುವುದೇ ಆ ಕ್ರಮ. ಮುಂದೆ ಯಾವುದಾದರೂ ಕಂಡಿಕೆಯನ್ನು ಮರೆಮಾಡಿದಲ್ಲಿ ಅದರ ಅಂಕ ಮಾತ್ರ ಉಳಿಯುವುದು; ಸಹಿಯೂ ಕೆಡದು, ಗುಟ್ಟೂ ರಟ್ಟಾಗದು. ತೋರಿಸಿದ ಭಾಗವನ್ನು ತಿದ್ದಿದ್ದರೆ ಮಾತ್ರ ಕೂಡಲೇ ಬಯಲಾಗುವುದು.

ಮರೆಮಾಡಿದ್ದು ನ್ಯಾಯವೋ ಅಲ್ಲವೋ ಎಂಬುದನ್ನು ಸಹಿಯು ಹೇಳಲಾರದು. ಅದಕ್ಕೆ ಕಾರಣವನ್ನು ಬರೆದು ತಿಳಿಸುವ ಹೊಣೆಯನ್ನು ಕಾಯಿದೆಯು ಅಧಿಕಾರಿಗಳ ಮೇಲೆಯೇ ಹೊರಿಸಿದೆ. ಆದರೆ ಈ ಸಹಿಯನ್ನು ಅರ್ಜಿ ಬಂದ ಮೇಲೆ ಹಾಕಿದರೆ ಪ್ರಯೋಜನವಿಲ್ಲ; ತಿದ್ದಿದ ಕಾಗದಕ್ಕೂ ಆಗ ಸಹಿ ಬಿದ್ದೀತು. ದಸ್ತಾವೇಜು ಸಿದ್ಧವಾದ ದಿನವೇ ಅದು ಬೀಳತಕ್ಕದ್ದು. ಸರ್ಕಾರದವರು ಈ ಪದ್ಧತಿಯನ್ನು ಕಚೇರಿಗಳಲ್ಲಿ ಜಾರಿಗೆ ತರಲಿ. ಪ್ರಾಮಾಣಿಕ ಅಧಿಕಾರಿಗೆ ಇದರಿಂದ ರಕ್ಷಣೆಯೇ ಹೊರತು ಭಯವಿಲ್ಲ.