ಲೈಟ್ ಆರಿಸಿದರೆ ಸಾಕಾ?

ಚೆಕ್ ಎಂಜಿನ್ ಲೈಟ್ ಹತ್ತಿದರೆ ಬ್ಯಾಟರಿ ವೈರ್ ಬಿಚ್ಚಿ ಮತ್ತೆ ಹಾಕಿಸಿ, ಸೀದಾ ಎಮಿಷನ್ ಟೆಸ್ಟ್‌ಗೆ ಹೋದರೂ ನಮ್ಮಲ್ಲಿ ನಡೆಯುತ್ತೆ. ಪೆಟ್ರೋಲ್ ಕಾರಿನ ಸೈಲೆನ್ಸರ್‌ಗೆ ಪೈಪ್ ತೂರಿಸಿ, ನಿಂತಲ್ಲೇ ಹೊಗೆ ಅಳೆದು ಸರ್ಟಿಫಿಕೇಟ್ ಕೊಡುತ್ತಾರೆ. ಕಾರಿನ ಕಂಪ್ಯೂಟರ್ ಏನು ಹೇಳುತ್ತೆ ಅಂತ ಕೇಳೋರಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈ ಆಟ ಸಾಗದು. 2000ನೇ ಮಾಡೆಲ್ ಹಾಗೂ ನಂತರದ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಕೇಬಲ್ ಹಾಕಿ ಕಂಪ್ಯೂಟರನ್ನೇ ಓದುತ್ತಾರೆ. ಬ್ಯಾಟರಿ ಬಿಚ್ಚಿದಾಗ ಲೈಟಿನ ಜತೆಗೆ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಯೂ ಸಾಮಾನ್ಯವಾಗಿ ಅಳಿಸುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ 'ಡ್ರೈವ್ ಸೈಕಲ್' ಮುಗಿಸಿದರೇನೇ ಅದು ಮತ್ತೆ ಭರ್ತಿಯಾಗೋದು. ಟ್ಯಾಂಕಿನ ಆವಿ ಪರೀಕ್ಷೆ ಒಂದು ಬಾಕಿಯಿದ್ದರೆ ಮಾಫಿ, ಬೇರೆ ಬಾಕಿಯಿದ್ದರೆ ಪಾಸಿಲ್ಲ.

2020ರ ಏಪ್ರಿಲ್‌ನಿಂದ ಇಲ್ಲಿ ಬಂದ ಬಿಎಸ್-6 ಕಾರುಗಳಲ್ಲೂ ಇಂಥದೇ ಒಬಿಡಿ ವ್ಯವಸ್ಥೆ ಇದೆ. ಸರ್ಟಿಫಿಕೇಟ್ ಇಲ್ಲದಿದ್ದರೆ 10,000 ರೂ.ವರೆಗೂ ದಂಡ ಹಾಕುವ ಕಾನೂನು, ಆ ವ್ಯವಸ್ಥೆಯನ್ನು ಓದಿ ಅಂತ ಟೆಸ್ಟ್ ಕೇಂದ್ರಗಳಿಗೆ ಹೇಳಬೇಕಿತ್ತು.